ಕೌಂಟರ್-ಸ್ಟ್ರೈಕ್ ಸ್ಟಿಕ್ಕರ್ ಕೂಡಿಡುವುದು, ಟ್ರೇಡ್ ಮಾಡುವುದು: ಮೊದಲಿನಿಂದ ಹೇಳುತ್ತೇನೆ

ಗನ್ನಿಗೆ ಅಂಟಿಸಿದ ಸ್ಟಿಕ್ಕರ್ ವಾಪಸ್ ಕೈಗೆ ಬರುವುದಿಲ್ಲ. ಕೌಂಟರ್-ಸ್ಟ್ರೈಕ್ ಅನ್ನುವ ಕಂಪ್ಯೂಟರ್ ಗುಂಡಿನ ಆಟದಲ್ಲಿ ಗನ್ನಿಗೆ ಅಂಟಿಸುವ ಈ ಸ್ಟಿಕ್ಕರ್ ಚಿತ್ರಗಳನ್ನು ಕೂಡಿಡಲು ಹೊರಟವರು ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಇದು. ಕೆರೆದು ತೆಗೆಯಬಹುದು, ನಿಜ. ಆದರೆ ಕೆರೆದಷ್ಟೂ ಮಾಸುತ್ತಾ ಹೋಗಿ ಕೊನೆಗೆ ಪೂರ್ತಿ ಮಾಯವಾಗುತ್ತದೆ, ಇನ್ನೊಂದು ಗನ್ನಿಗೆ ಹಾಕಲು ಆಗುವುದಿಲ್ಲ. ಸ್ಟಿಕ್ಕರ್ ಬೆಲೆ ಯಾಕೆ ಏರುತ್ತದೆ, ಯಾವುದನ್ನು ಪ್ಯಾಕ್ ಒಡೆಯದೆ ಇಡಬೇಕು, ಯಾವುದನ್ನು ಧೈರ್ಯವಾಗಿ ಅಂಟಿಸಬಹುದು, ಎಲ್ಲದಕ್ಕೂ ಬುಡ ಇದೇ ನಿಯಮ.

ಬೆಂಕಿಪೊಟ್ಟಣದ ಚಿತ್ರ ಕೂಡಿಟ್ಟವರಿಗೆ, ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚೀಟಿಗೆ ಶಾಲೆಯ ಹಿಂದೆ ನಿಂತು ಚೌಕಾಸಿ ಮಾಡಿದವರಿಗೆ ಇದರ ಅರ್ಧ ಪಾಠ ಆಗಲೇ ಬರುತ್ತದೆ. ಉಳಿದ ಅರ್ಧ ಇಲ್ಲಿದೆ.

ಸ್ಟಿಕ್ಕರ್ ಎಲ್ಲಿಂದ ಬಂತು

ಗನ್ನಿನ ಸ್ಕಿನ್‌ಗಳು, ಅಂದರೆ ಗನ್ನಿನ ಮೇಲಿನ ಬಣ್ಣ-ಚಿತ್ರದ ಹೊದಿಕೆಗಳು, ಆಟಕ್ಕೆ ಬಂದದ್ದು 2013ರ ಆಗಸ್ಟ್‌ನಲ್ಲಿ. ಸ್ಟಿಕ್ಕರ್ ಬಂದದ್ದು 2014ರ ಫೆಬ್ರವರಿಯಲ್ಲಿ. ಮರುತಿಂಗಳೇ ಪೋಲೆಂಡ್‌ನ ಕಾಟೊವಿಟ್ಸೆಯಲ್ಲಿ ಮೇಜರ್ ಟೂರ್ನಿ ನಡೆಯಿತು. ಮೇಜರ್ ಅಂದರೆ ಈ ಆಟದ ವಿಶ್ವಕಪ್ ಅಂದುಕೊಳ್ಳಿ. ತಂಡಗಳ ಸ್ಟಿಕ್ಕರ್ ಮಾರಿದ ಮೊದಲ ಮೇಜರ್ ಅದು. ಆಗ ಆಡುವವರು ಕಡಿಮೆ, ಕ್ಯಾಪ್ಸೂಲ್ (ಸ್ಟಿಕ್ಕರ್ ಇರುವ ಮುಚ್ಚಿದ ಪ್ಯಾಕ್) ಕೊಂಡವರು ಇನ್ನೂ ಕಡಿಮೆ, ಕೊಂಡವರಲ್ಲಿ ಹೆಚ್ಚಿನವರು ಖುಷಿಯಿಂದ ಗನ್ನಿಗೆ ಅಂಟಿಸಿಬಿಟ್ಟರು. ಹೀಗಾಗಿ ಅಂಟಿಸದೆ ಉಳಿದವು ಬೆರಳೆಣಿಕೆ. ಅದರಲ್ಲೂ ಟೈಟನ್ ಮತ್ತು ಐಬೈಪವರ್ ತಂಡಗಳ ಹೋಲೋ ಸ್ಟಿಕ್ಕರ್ ಒಂದೊಂದಕ್ಕೆ ಇವತ್ತು ಹತ್ತಾರು ಸಾವಿರ ಡಾಲರ್. ಆ ಎರಡೂ ತಂಡ ಈಗಿಲ್ಲ. ಐಬೈಪವರ್ ಆಟಗಾರರು ಬೇಕಂತಲೇ ಒಂದು ಪಂದ್ಯ ಸೋತರೆಂದು 2015ರ ಜನವರಿಯಲ್ಲಿ ಈ ಆಟ ತಯಾರಿಸಿದ ವಾಲ್ವ್ ಕಂಪನಿ ಅವರನ್ನು ನಿಷೇಧಿಸಿತು. ಸ್ಟಿಕ್ಕರ್ ಹಿಂದೆ ಇಂಥ ಕಥೆ ಇದ್ದರೆ ಬೇಡಿಕೆ ಬೇರೆಯೇ ಥರ ಇರುತ್ತದೆ.

2015ರ ಕಲೋನ್ ಮೇಜರ್‌ನಿಂದ ಆಟಗಾರರ ಸಹಿಯ ಸ್ಟಿಕ್ಕರ್ ಶುರುವಾಯಿತು. ಮೇಜರ್‌ಗೆ ಸಂಬಂಧ ಇಲ್ಲದ ಕ್ಯಾಪ್ಸೂಲ್‌ಗಳೂ ಇವೆ. ಆಡುವವರೇ ಬಿಡಿಸಿ ಕಳಿಸಿದ ಚಿತ್ರಗಳು ಅದರಲ್ಲಿ ಬರುತ್ತವೆ, ಎಷ್ಟೋ ಸಲ ಅವೇ ಚೆನ್ನಾಗಿರುತ್ತವೆ.

ಬಗೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸಾದಾ ಇದ್ದರೆ ಪೇಪರ್. ಮಿಣುಕು ಪುಡಿ ಹಾಕಿದ ಹಾಗಿದ್ದರೆ ಗ್ಲಿಟರ್. ತಿರುಗಿಸಿದರೆ ಬಣ್ಣ ಬದಲಾಗುವುದು ಹೋಲೋ. ಲೋಹದ ಹಾಗೆ ಹೊಳೆಯುವುದು ಫಾಯಿಲ್. ಚಿನ್ನದ ಬಣ್ಣದ್ದು ಗೋಲ್ಡ್. ಪ್ರತಿ ಮೇಜರ್‌ನಲ್ಲೂ ಎಲ್ಲಾ ಬಗೆ ಇರುವುದಿಲ್ಲ.

ಖಾತೆಯನ್ನು ಮೊದಲು ಸರಿ ಮಾಡಿಕೊಳ್ಳಿ

ಸ್ಟೀಮ್ ಅಂದರೆ ವಾಲ್ವ್‌ನ ಆನ್‌ಲೈನ್ ಆಟದಂಗಡಿ. ಹೊಸ ಸ್ಟೀಮ್ ಖಾತೆಗೆ ಮಿತಿ ಇರುತ್ತದೆ. ಸ್ಟೀಮ್‌ನಲ್ಲಿ 5 ಡಾಲರ್‌ನಷ್ಟಾದರೂ ಖರ್ಚು ಮಾಡುವ ತನಕ ಕಮ್ಯುನಿಟಿ ಮಾರ್ಕೆಟ್, ಅಂದರೆ ಆಡುವವರೇ ಒಬ್ಬರಿಗೊಬ್ಬರು ಮಾರುವ ಜಾಗ, ತೆರೆಯುವುದಿಲ್ಲ. ಖರ್ಚು ಮಾಡಿದ ಮೇಲೂ ಕೆಲವು ದಿನ ಕಾಯಬೇಕು. ನಮ್ಮಲ್ಲಿ ಬೆಲೆ ರೂಪಾಯಿಯಲ್ಲೇ ಕಾಣುತ್ತದೆ, ಯುಪಿಐನಲ್ಲೇ ವಾಲೆಟ್‌ಗೆ ದುಡ್ಡು ಹಾಕಬಹುದು, ಆ ಕಷ್ಟ ಇಲ್ಲ.

ಆಮೇಲೆ ಫೋನಿಗೆ ಸ್ಟೀಮ್ ಆ್ಯಪ್ ಹಾಕಿ ಮೊಬೈಲ್ ಆಥೆಂಟಿಕೇಟರ್ (ನೀವೇ ಅಂತ ಖಾತ್ರಿ ಮಾಡುವ ಬೀಗ) ಆನ್ ಮಾಡಿ. ಇದಿಲ್ಲದೆ ಟ್ರೇಡ್, ಅಂದರೆ ಅದಲು ಬದಲು, ಮಾಡಿದರೆ ವಸ್ತು 15 ದಿನ ತಡೆಯಲ್ಲಿ ಕೂರುತ್ತದೆ, ಯಾರೂ ನಿಮ್ಮ ಜೊತೆ ಟ್ರೇಡ್ ಮಾಡಲು ಒಪ್ಪುವುದಿಲ್ಲ. ಆನ್ ಮಾಡುವಾಗ ಒಂದು ರಿಕವರಿ ಕೋಡ್ ಕೊಡುತ್ತದೆ. ಅದನ್ನು ಫೋನಿನಲ್ಲೇ ಸ್ಕ್ರೀನ್‌ಶಾಟ್ ಮಾಡಿ ಇಟ್ಟರೆ ಏನು ಬಂತು, ಫೋನ್ ಕಳೆದರೆ ಅದೂ ಹೋಯಿತಲ್ವಾ? ಕಾಗದದ ಮೇಲೆ ಬರೆದು ಮನೆಯಲ್ಲಿ ಇಡಿ. ಇದನ್ನು ಮಾಡದೆ ಮುಂದಿನ ಸಾಲು ಓದಬೇಡಿ, ಅಷ್ಟು ಮುಖ್ಯ.

ದುಡ್ಡು ಹಾಕುವ ಮೊದಲು ಇನ್ನೊಂದು ಗೊತ್ತಿರಲಿ. ಸ್ಟೀಮ್ ವಾಲೆಟ್‌ಗೆ ಹೋದ ದುಡ್ಡನ್ನು ಬ್ಯಾಂಕಿಗೆ ವಾಪಸ್ ತರಲು ಆಗುವುದಿಲ್ಲ. ಆಟ ಕೊಳ್ಳಬಹುದು, ಇನ್ನೊಂದು ಸ್ಟಿಕ್ಕರ್ ಕೊಳ್ಳಬಹುದು, ಅಷ್ಟೇ. ಮನೆ ಖರ್ಚಿನ ದುಡ್ಡು ಇಲ್ಲಿಗೆ ತರಬೇಡಿ. ತಿಂಗಳಿಗೆ ಸಿನಿಮಾಗೆ, ಹೋಟೆಲಿಗೆ ಎಷ್ಟು ಎತ್ತಿಡುತ್ತೀರೋ ಅದರೊಳಗೆ ಇರಲಿ.

ಏನನ್ನು ಕೂಡಿಡುತ್ತೀರಿ?

ಎಲ್ಲವನ್ನೂ ಕೂಡಿಡುತ್ತೇನೆ ಅಂದರೆ ಅದು ಗುಜರಿ ಆಗುತ್ತದೆ. ಒಂದು ದಾರ ಹಿಡಿಯಿರಿ. ಒಂದೇ ತಂಡದ ಎಲ್ಲಾ ಮೇಜರ್‌ಗಳ ಸ್ಟಿಕ್ಕರ್ ಹಿಡಿಯಬಹುದು, ಒಬ್ಬನೇ ಆಟಗಾರನ ಸಹಿ ವರ್ಷ ವರ್ಷ ಬದಲಾಗುವುದನ್ನು ಹಿಂಬಾಲಿಸಬಹುದು, ಒಂದೇ ಮೇಜರ್‌ನ ಎಲ್ಲಾ ತಂಡಗಳ ಪೇಪರ್ ಸೆಟ್ ಪೂರ್ತಿ ಮಾಡಬಹುದು. ಈ ಕೊನೆಯದು ಹೊಸಬರಿಗೆ ಒಳ್ಳೆಯದು. ಪೇಪರ್ ಸ್ಟಿಕ್ಕರ್‌ಗಳು ಸಾಮಾನ್ಯವಾಗಿ ಅಗ್ಗ, ಪಟ್ಟಿ ಚಿಕ್ಕದು, ಮುಗಿಸಿದ ತೃಪ್ತಿ ಸಿಗುತ್ತದೆ.

ನನ್ನ ದಾರ ಬೇರೆ. ನಾನು ಪಂದ್ಯದ ನೆನಪನ್ನು ಹಿಡಿಯುತ್ತೇನೆ. 2021ರ ಸ್ಟಾಕ್‌ಹೋಮ್ ಮೇಜರ್‌ನಲ್ಲಿ ನ್ಯಾಟಸ್ ವಿನ್ಸೆರೆ ತಂಡ ಒಂದು ಮ್ಯಾಪ್ (ಪಂದ್ಯದ ಒಂದು ಭಾಗ, ಟೆನಿಸ್‌ನ ಸೆಟ್ ಇದ್ದ ಹಾಗೆ) ಕೂಡ ಸೋಲದೆ ಗೆದ್ದಿತು. ರಾತ್ರಿಯೆಲ್ಲಾ ಎದ್ದು ಕೂತು ನೋಡಿದ್ದೆ, ಹಾಗಾಗಿ ಆ ತಂಡದ ಆಟಗಾರ ಎಸ್1ಎಂಪಲ್‌ನ ಆ ಸಲದ ಸಹಿ ನನ್ನ ಹತ್ತಿರ ಇದೆ. 2024ರ ಶಾಂಘೈ ಮೇಜರ್‌ನಲ್ಲಿ 17 ವರ್ಷದ ಡಾಂಕ್ ತನ್ನ ಸ್ಪಿರಿಟ್ ತಂಡವನ್ನು ಗೆಲ್ಲಿಸಿದ, ಆ ಸಹಿ ಇದೆ. 2025ರ ಆಸ್ಟಿನ್ ಮೇಜರ್ ಫೈನಲ್‌ಗೆ ಬಂದ ಮಂಗೋಲಿಯಾದ ದಿ ಮಂಗೋಲ್ಜ್ ತಂಡದ ಸ್ಟಿಕ್ಕರ್ ಇದೆ. ಏಷ್ಯಾದ ತಂಡವೊಂದು ಅಲ್ಲಿಯವರೆಗೆ ಹೋದದ್ದು ನೋಡಿ ನನಗೆ ಆದ ಖುಷಿ ಹೇಳಲು ಬರುವುದಿಲ್ಲ. ಭಾರತದ ತಂಡ 2025 ಮುಗಿಯುವ ತನಕ ಯಾವ ಮೇಜರ್‌ಗೂ ಹೋಗಿಲ್ಲ, ಹಾಗಾಗಿ ನಮ್ಮ ತಂಡದ ಮೇಜರ್ ಸ್ಟಿಕ್ಕರ್ ಅಂತ ಒಂದಿಲ್ಲ. ಬಂದ ದಿನ ಬೆಲೆ ನೋಡದೆ ಕೊಳ್ಳುತ್ತೇನೆ.

ಕ್ಯಾಪ್ಸೂಲ್ ಒಡೆಯಬೇಡಿ, ಬಿಡಿಯಾಗಿ ಕೊಳ್ಳಿ

ಹೊಸಬರ ದುಡ್ಡು ಜಾಸ್ತಿ ಸೋರುವುದು ಇಲ್ಲೇ, ಅದಕ್ಕೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಕ್ಯಾಪ್ಸೂಲ್ ಅಂದರೆ ಮುಚ್ಚಿದ ಪ್ಯಾಕ್. ಒಡೆದರೆ ಒಂದೇ ಒಂದು ಸ್ಟಿಕ್ಕರ್ ಬರುತ್ತದೆ, ಯಾವುದು ಅಂತ ಮೊದಲೇ ಗೊತ್ತಾಗುವುದಿಲ್ಲ. ಚೀನಾದ ನಿಯಮದಂತೆ ಅಲ್ಲಿ ಈ ಆಟ ನಡೆಸುವ ಪರ್ಫೆಕ್ಟ್ ವರ್ಲ್ಡ್ ಕಂಪನಿ 2017ರಲ್ಲಿ ಸಾಧ್ಯತೆಗಳನ್ನು ಹೊರಗೆ ಹೇಳಬೇಕಾಯಿತು. ಅದರಿಂದ ತಿಳಿದ ಲೆಕ್ಕ ಸುಲಭ: ಅಪರೂಪದಲ್ಲಿ ಒಂದು ಮೆಟ್ಟಿಲು ಮೇಲೆ ಹೋದಂತೆ ಸಿಗುವ ಸಾಧ್ಯತೆ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ನಾಲ್ಕು ಮೆಟ್ಟಿಲಿನ ಕ್ಯಾಪ್ಸೂಲ್ 100 ಒಡೆದರೆ ಸರಾಸರಿ 80 ಪೇಪರ್, 16 ಅದರ ಮೇಲಿನದು, 3 ಹೋಲೋ ಅಂತಿಟ್ಟುಕೊಳ್ಳಿ. ಗೋಲ್ಡ್ ಒಂದು ಬಂದರೆ ಬಂತು, ಬರದೆಯೂ ಇರಬಹುದು. ಅದೂ ನಿಮಗೆ ಬೇಕಾದ ತಂಡದ್ದೇ ಬರಬೇಕಂತ ಏನೂ ಇಲ್ಲ. ಕ್ಯಾಪ್ಸೂಲ್‌ನಲ್ಲಿ ಎಂಟು ತಂಡ ಇದ್ದರೆ ನಿಮ್ಮ ತಂಡದ ಹೋಲೋ ಸಿಗುವ ಸಾಧ್ಯತೆ ಅದರಲ್ಲೂ ಎಂಟನೇ ಒಂದು ಭಾಗ ಮಾತ್ರ.

ಸ್ಟಾಕ್‌ಹೋಮ್ ಸಮಯದಲ್ಲಿ ನಾನು ಒಂದು ಹೋಲೋಗೋಸ್ಕರ 40 ಕ್ಯಾಪ್ಸೂಲ್ ಒಡೆದೆ. ಬಂದದ್ದರಲ್ಲಿ ಬಹುಪಾಲು ಪೇಪರ್, ಬೇಕಾದದ್ದು ಬರಲೇ ಇಲ್ಲ. ಆ ದುಡ್ಡಿಗೆ ಅದೇ ಹೋಲೋ ಮಾರ್ಕೆಟ್‌ನಲ್ಲಿ ನೇರವಾಗಿ ಸಿಗುತ್ತಿತ್ತು, ಒಂದಿಷ್ಟು ಉಳಿಯುತ್ತಲೂ ಇತ್ತು. ಅವತ್ತಿನಿಂದ ಬೇಕಾದ ಸ್ಟಿಕ್ಕರ್ ಹೆಸರು ಹುಡುಕಿ ಬಿಡಿಯಾಗಿ ಕೊಳ್ಳುತ್ತೇನೆ. ಕ್ಯಾಪ್ಸೂಲ್ ಕೊಂಡರೆ ಮುಚ್ಚಿದ ಹಾಗೇ ಇಡಲು ಮಾತ್ರ.

ಒಡೆಯುವಾಗ ಸಿಗುವ ಎದೆಬಡಿತ ಇದೆಯಲ್ಲ, ಅದಕ್ಕೆ ಮಕ್ಕಳು ಬೇಗ ಬೀಳುತ್ತಾರೆ. ಮನೆಯಲ್ಲಿ ಚಿಕ್ಕವರು ಆಡುತ್ತಿದ್ದರೆ ವಾಲೆಟ್ ದೊಡ್ಡವರ ಕೈಯಲ್ಲಿರಲಿ.

ಯಾವಾಗ ಕೊಳ್ಳಬೇಕು

ಮೇಜರ್ ಶುರುವಾದ ಮೊದಲ ದಿನಗಳಲ್ಲಿ ಎಲ್ಲರಿಗೂ ಆತುರ, ಬಿಡಿ ಸ್ಟಿಕ್ಕರ್ ಬೆಲೆ ಮೇಲಿರುತ್ತದೆ. ದಿನ ಕಳೆದಂತೆ ಜನ ಒಡೆದು ಒಡೆದು ಮಾರ್ಕೆಟ್ ತುಂಬುತ್ತದೆ, ಬೆಲೆ ಇಳಿಯುತ್ತದೆ. ಸ್ಟಾಕ್‌ಹೋಮ್, ಪ್ಯಾರಿಸ್ ಥರದ ಮೇಜರ್‌ಗಳಲ್ಲಿ ಕೊನೆಗೆ 75% ರಿಯಾಯಿತಿ ಕೊಟ್ಟರು, ಆಗ ಪೂರೈಕೆ ಹೊಳೆಯ ಹಾಗೆ ಬಂತು. ಮಾರುವ ರೀತಿ ಎಲ್ಲಾ ಮೇಜರ್‌ಗೂ ಒಂದೇ ಇರುವುದಿಲ್ಲ, ಹಾಗಾಗಿ ಪ್ರತಿ ಸಲ ಆಟದೊಳಗಿನ ಅಂಗಡಿಯನ್ನು ಹೊಸದಾಗಿ ಓದಿ. ಮಾರಾಟ ನಿಂತ ಮೇಲೆ ಆ ಮೇಜರ್‌ನ ಹೊಸ ಕ್ಯಾಪ್ಸೂಲ್ ಹುಟ್ಟುವುದಿಲ್ಲ. ಅಲ್ಲಿಂದ ಒಡೆದದ್ದು ಒಡೆದಷ್ಟು ಕಡಿಮೆ, ಅಂಟಿಸಿದ್ದು ಅಂಟಿಸಿದಷ್ಟು ಕಡಿಮೆ.

ಹಾಗಂತ ಎಲ್ಲವೂ 2014ರ ಕಾಟೊವಿಟ್ಸೆ ಆಗುತ್ತದೆ ಅಂದುಕೊಳ್ಳಬೇಡಿ. ಮೇಜರ್ ಸ್ಟಿಕ್ಕರ್ ಮಾರಾಟದ ಅರ್ಧ ಪಾಲು ಆಟಗಾರರಿಗೆ, ತಂಡಗಳಿಗೆ ಹೋಗುತ್ತದೆ. ಸ್ಟಾಕ್‌ಹೋಮ್ ಸಲ ಅವರಿಗೆ ಹೋದ ಪಾಲೇ 7 ಕೋಟಿ ಡಾಲರ್ ಮೀರಿತ್ತು, 2023ರ ಪ್ಯಾರಿಸ್‌ನಲ್ಲಿ 11 ಕೋಟಿ ಡಾಲರ್ ಅಂತ ವಾಲ್ವ್ ಹೇಳಿದೆ. ಅಂದರೆ ಎಷ್ಟು ಕ್ಯಾಪ್ಸೂಲ್ ಮಾರಾಟವಾಗಿದೆ ಯೋಚನೆ ಮಾಡಿ. ಅಷ್ಟು ಖರ್ಚಾಗಿ ಅಪರೂಪ ಆಗಲು ವರ್ಷಗಟ್ಟಲೆ ಬೇಕು, ಕೆಲವು ಆಗದೆಯೂ ಹೋಗಬಹುದು. ಇದೇ ದುಡ್ಡು ಆಟಗಾರರ ಕೈಗೆ ಹೋಗುತ್ತದೆ ಅನ್ನುವುದು ನನಗೆ ಮುಖ್ಯ. ಮೆಚ್ಚಿದ ತಂಡದ ಸ್ಟಿಕ್ಕರ್ ಅನ್ನು ಮಾರಾಟ ನಡೆಯುವಾಗಲೇ ಆಟದ ಅಂಗಡಿಯಿಂದ ಒಂದಾದರೂ ಕೊಳ್ಳುತ್ತೇನೆ. ಆಮೇಲೆ ಮಾರ್ಕೆಟ್‌ನಲ್ಲಿ ಕೊಂಡರೆ ಅದು ತಂಡಕ್ಕೆ ಮುಟ್ಟುವುದಿಲ್ಲ.

ಮಾರ್ಕೆಟ್ ಲೆಕ್ಕ

ಕೊಳ್ಳುವವರು 115 ರೂಪಾಯಿ ಕೊಟ್ಟರೆ ಮಾರುವವರಿಗೆ ಸಿಗುವುದು 100. ನಡುವಿನ 15ರಲ್ಲಿ 5 ಸ್ಟೀಮ್‌ಗೆ, 10 ಆಟಕ್ಕೆ. ಹಾಗಾಗಿ 100 ರೂಪಾಯಿಗೆ ಕೊಂಡ ಸ್ಟಿಕ್ಕರ್ 110 ಆಯಿತು ಅಂತ ಮಾರಿದರೆ ಲಾಭ ಅಲ್ಲ, ನಷ್ಟ. ತೀರಾ ಅಗ್ಗದ ಸ್ಟಿಕ್ಕರ್‌ಗಳಲ್ಲಿ ಹೊಡೆತ ಇನ್ನೂ ಜಾಸ್ತಿ, ಯಾಕೆಂದರೆ ಎರಡೂ ಶುಲ್ಕಕ್ಕೆ ಕನಿಷ್ಠ ಒಂದೊಂದು ಸೆಂಟ್ ಅಂತ ಇದೆ. ಮೂರು ಸೆಂಟ್‌ಗೆ ಮಾರಿದರೆ ಕೈಗೆ ಬರುವುದು ಒಂದೇ ಸೆಂಟ್.

ಕೊಳ್ಳುವಾಗ ಕಣ್ಣಿಗೆ ಬಿದ್ದ ಬೆಲೆಗೆ ಒತ್ತಬೇಡಿ. ಬೈ ಆರ್ಡರ್ ಅಂತ ಇದೆ. ನೀವು ಎಷ್ಟು ಕೊಡುತ್ತೀರಿ ಅಂತ ಬರೆದಿಟ್ಟರೆ ಆ ಬೆಲೆಗೆ ಯಾರಾದರೂ ಮಾರಿದಾಗ ತಾನಾಗಿ ನಿಮಗೆ ಬರುತ್ತದೆ. ಈಗಿನ ಬೆಲೆಗಿಂತ ಸ್ವಲ್ಪ ಕೆಳಗೆ ಇಟ್ಟು ಎರಡು ಮೂರು ದಿನ ಬಿಡಿ, ಎಷ್ಟೋ ಸಲ ಸಿಗುತ್ತದೆ. ಜೊತೆಗೆ ಬೆಲೆಯ ಗ್ರಾಫ್ ನೋಡುವಾಗ ದಿನಕ್ಕೆ ಎಷ್ಟು ಮಾರಾಟವಾಗುತ್ತಿದೆ ಅನ್ನುವುದನ್ನೂ ನೋಡಿ. ವಾರಕ್ಕೆ ಒಂದು ಮಾರಾಟವಾಗುವ ಸ್ಟಿಕ್ಕರ್‌ಗೆ ಅಲ್ಲಿ ಬರೆದಿರುವ ಬೆಲೆಯನ್ನು ಅಷ್ಟಾಗಿ ನಂಬಲು ಆಗುವುದಿಲ್ಲ. ಒಬ್ಬರೇ ಒಂದೆರಡು ಕೊಂಡು ಗ್ರಾಫ್ ಎತ್ತಿಬಿಡಬಹುದು.

ಟ್ರೇಡ್ ಮಾಡುವ ಕ್ರಮ

ಸ್ಟೀಮ್ ಇನ್ವೆಂಟರಿಯಲ್ಲಿ (ನಿಮ್ಮ ವಸ್ತುಗಳೆಲ್ಲಾ ಇರುವ ಪೆಟ್ಟಿಗೆ) ಟ್ರೇಡ್ ಆಫರ್ ಪುಟಕ್ಕೆ ಹೋದರೆ ನಿಮ್ಮದೇ ಟ್ರೇಡ್ ಲಿಂಕ್ ಸಿಗುತ್ತದೆ. ಎದುರಿನವರು ಸ್ನೇಹಿತರ ಪಟ್ಟಿಯಲ್ಲಿ ಇಲ್ಲದಿದ್ದರೂ ಅದರ ಮೂಲಕ ಆಫರ್ ಕಳಿಸಬಹುದು. ಆಫರ್ ತೆರೆದು ನೀವು ಕೊಡುವುದು, ನಿಮಗೆ ಬರುವುದು ಎರಡನ್ನೂ ಒಂದೊಂದಾಗಿ ಮುಟ್ಟಿ ನೋಡಿ. ಪೇಪರ್ ಮತ್ತು ಹೋಲೋ ಚಿಕ್ಕ ಚಿತ್ರದಲ್ಲಿ ಒಂದೇ ಥರ ಕಾಣುತ್ತವೆ. ಹೆಸರು ಪೂರ್ತಿ ಓದಿ, ಯಾವ ವರ್ಷದ ಮೇಜರ್ ಅಂತಲೂ ಓದಿ. ಒಪ್ಪಿದ ಮೇಲೆ ಫೋನ್ ಆ್ಯಪ್‌ನಲ್ಲಿ ಇನ್ನೊಂದು ಸಲ ಒಪ್ಪಿಗೆ ಕೇಳುತ್ತದೆ, ಅಲ್ಲಿ ಮತ್ತೆ ನೋಡಿ.

ಬೆಲೆ ಹೊಂದಿಸುವಾಗ ಒಂದು ರೂಢಿ ಇದೆ. ಚಿಲ್ಲರೆ ಸ್ಟಿಕ್ಕರ್ ಹತ್ತು ಕೊಟ್ಟು ದೊಡ್ಡದೊಂದು ಕೇಳುವವರು ಸ್ವಲ್ಪ ಮೇಲೆ ಹಾಕಿ ಕೊಡಬೇಕು, ಅದಕ್ಕೆ ಓವರ್‌ಪೇ ಅನ್ನುತ್ತಾರೆ. ದೊಡ್ಡದನ್ನು ಕೊಡುವವರಿಗೆ ಆ ಹತ್ತನ್ನೂ ಮಾರುವ ಕೆಲಸ ಇರುತ್ತದಲ್ವಾ, ಅದು ನ್ಯಾಯವೇ. ಹೆಚ್ಚು ಕಡಿಮೆ ಸಮ ಬಂದು ಚೂರು ಕೊರತೆ ಬಿದ್ದರೆ ಒಂದೆರಡು ಅಗ್ಗದ ವಸ್ತು ಸೇರಿಸುವುದು ಆ್ಯಡ್. ಅರ್ಧ ಬೆಲೆಗೆ ಕೇಳುವವರು ದಿನಾ ಬರುತ್ತಾರೆ. ಬೈಯಬೇಡಿ, ಬೇಡ ಅಂತ ಹೇಳಿ ಮುಂದೆ ಹೋಗಿ.

ಈಗಾಗಲೇ ಸ್ಟಿಕ್ಕರ್ ಅಂಟಿಸಿದ ಗನ್ ಕೊಳ್ಳುವಾಗ ಹುಷಾರು. ಬಿಡಿ ಸ್ಟಿಕ್ಕರ್ 1,000 ರೂಪಾಯಿ ಅಂದರೆ ಅದನ್ನು ಅಂಟಿಸಿದ ಗನ್ನಿನ ಬೆಲೆ 1,000 ಏರುವುದಿಲ್ಲ, ಅದರಲ್ಲಿ ಸಣ್ಣದೊಂದು ಪಾಲು ಏರುತ್ತದೆ ಅಷ್ಟೇ. ಎಷ್ಟು ಅನ್ನುವುದು ಗನ್, ಸ್ಕಿನ್, ಬಣ್ಣ ಹೊಂದಿದೆಯೋ ಇಲ್ಲವೋ, ಒಂದೇ ಸ್ಟಿಕ್ಕರ್ ನಾಲ್ಕು ಇದೆಯೋ ಅನ್ನುವುದರ ಮೇಲೆ. ಇದರಿಂದಲೇ ಕೊಳ್ಳುವವರಿಗೆ ಅನುಕೂಲ: ಚಂದದ ಸ್ಟಿಕ್ಕರ್ ಬೇಕು, ದುಡ್ಡು ಕಡಿಮೆ ಇದೆ ಅಂದರೆ ಯಾರೋ ಅಂಟಿಸಿದ ಗನ್ನನ್ನೇ ಕೊಳ್ಳಿ. ಮೊದಲು ಆಟದೊಳಗೆ ಇನ್‌ಸ್ಪೆಕ್ಟ್ ಮಾಡಿ, ಸ್ಟಿಕ್ಕರ್ ಕೆರೆದಿದೆಯೋ ನೋಡಿ.

ಟ್ರೇಡ್‌ನಲ್ಲಿ ಬಂದ ವಸ್ತುವನ್ನು 7 ದಿನ ಮತ್ತೊಬ್ಬರಿಗೆ ಕೊಡಲು ಆಗುವುದಿಲ್ಲ, ಈ ನಿಯಮ 2018ರಿಂದ ಇದೆ. 2025ರ ಜುಲೈನಲ್ಲಿ ಅದರ ಮೇಲೆ ಟ್ರೇಡ್ ಪ್ರೊಟೆಕ್ಷನ್ ಬಂತು. ಖಾತೆ ಕದ್ದು ಯಾರಾದರೂ ನಿಮ್ಮ ವಸ್ತು ಸಾಗಿಸಿದರೆ 7 ದಿನದೊಳಗೆ ಟ್ರೇಡ್‌ಗಳನ್ನು ಹಿಂದಕ್ಕೆ ತಿರುಗಿಸಬಹುದು. ಆದರೆ ಒಂದನ್ನೇ ಆರಿಸಿ ತಿರುಗಿಸಲು ಆಗುವುದಿಲ್ಲ, ಆ ಅವಧಿಯ ಎಲ್ಲವೂ ತಿರುಗುತ್ತವೆ, ಆಮೇಲೆ 30 ದಿನ ಟ್ರೇಡ್ ಬಂದ್. ಆ 7 ದಿನ ಹೊಸ ಸ್ಟಿಕ್ಕರ್ ಅನ್ನು ಅಂಟಿಸಲೂ ಆಗುವುದಿಲ್ಲ, ಕಾಯಬೇಕು. ಇನ್ನೊಂದು ಕಡೆಯಿಂದ ನೋಡಿದರೆ, ನಿಮಗೆ ಬಂದದ್ದೂ 7 ದಿನ ಪೂರ್ತಿ ನಿಮ್ಮದಲ್ಲ. ಟ್ರೇಡ್ ಆದ ಕೂಡಲೇ ಹೊರಗಡೆ ದುಡ್ಡು ಕಳಿಸಿದರೆ ವಸ್ತು ವಾಪಸ್ ಹೋಗಿ ದುಡ್ಡೂ ಹೋಗಬಹುದು. ಗೊತ್ತಿಲ್ಲದವರಿಗೆ ಯುಪಿಐ ಮಾಡಿ ಸ್ಟಿಕ್ಕರ್ ಕೊಳ್ಳಲೇ ಬೇಡಿ.

ಮೋಸ ಹೇಗೆ ಆಗುತ್ತದೆ

ನನ್ನ ಸ್ನೇಹಿತನ ಖಾತೆಯಿಂದ ಒಂದು ಮೆಸೇಜ್ ಬಂತು: ನಮ್ಮ ಟೀಮಿಗೆ ಒಂದು ವೋಟ್ ಹಾಕು ಮಗಾ. ಲಿಂಕ್ ಒತ್ತಿದೆ, ಸ್ಟೀಮ್ ಲಾಗಿನ್ ಕಿಟಕಿ ಬಂತು, ಪಾಸ್‌ವರ್ಡ್ ಹಾಕಿದೆ. ಅವನ ಖಾತೆ ಆಗಲೇ ಕಳುವಾಗಿತ್ತು, ಆ ಕಿಟಕಿ ಕಿಟಕಿಯೇ ಅಲ್ಲ, ಪುಟದೊಳಗೆ ಬಿಡಿಸಿದ ಚಿತ್ರ. ಮರುದಿನ ನನ್ನ ಆರು ಸ್ಟಿಕ್ಕರ್ ಇರಲಿಲ್ಲ. ಆಗ ವಾಪಸ್ ಪಡೆಯುವ ದಾರಿಯೂ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಯಾರೇ ಕಳಿಸಲಿ, ಲಿಂಕ್ ಒತ್ತಿ ಲಾಗಿನ್ ಆಗಬೇಡಿ. ಲಾಗಿನ್ ಕಿಟಕಿ ಬಂದರೆ ಅದನ್ನು ಬ್ರೌಸರ್‌ನ ಅಂಚು ದಾಟಿಸಿ ಹೊರಗೆ ಎಳೆದು ನೋಡಿ. ಹೊರಗೆ ಬರದಿದ್ದರೆ ನಕಲಿ. ಇನ್ನೊಂದು ಕೆಟ್ಟ ಮೋಸ ಎಪಿಐ ಕೀ, ಅಂದರೆ ಬೇರೆ ಪ್ರೋಗ್ರಾಂ ನಿಮ್ಮ ಖಾತೆಯ ಟ್ರೇಡ್ ನೋಡಲು, ರದ್ದು ಮಾಡಲು ಬಿಡುವ ಕೀಲಿ, ಅದರ ಮೂಲಕ ನಡೆಯುತ್ತದೆ. ಕಳ್ಳರು ನಿಮ್ಮ ಖಾತೆಯಲ್ಲಿ ಆ ಕೀ ಮಾಡಿಟ್ಟು ಸುಮ್ನೆ ಕಾಯುತ್ತಾರೆ. ನೀವು ನಿಜವಾದ ಟ್ರೇಡ್ ಕಳಿಸಿದ ಕ್ಷಣ ಅದನ್ನು ರದ್ದು ಮಾಡಿ, ಅದೇ ಹೆಸರು, ಅದೇ ಫೋಟೋ ಇರುವ ನಕಲಿ ಖಾತೆಯಿಂದ ಇನ್ನೊಂದು ಆಫರ್ ಹಾಕುತ್ತಾರೆ. ಫೋನಿನಲ್ಲಿ ನೀವು ಒಪ್ಪುವುದು ಆ ನಕಲಿಯನ್ನು. ಸ್ಟೀಮ್‌ನ ಎಪಿಐ ಕೀ ಪುಟ ತೆರೆಯಿರಿ. ನೀವು ಮಾಡದ ಕೀ ಅಲ್ಲಿದ್ದರೆ ತೆಗೆದುಹಾಕಿ, ಪಾಸ್‌ವರ್ಡ್ ಬದಲಾಯಿಸಿ, ಎಲ್ಲಾ ಸಾಧನಗಳಿಂದ ಲಾಗ್ ಔಟ್ ಮಾಡಿ. ಫೋನಿನಲ್ಲಿ ಒಪ್ಪುವ ಮೊದಲು ಎದುರಿನ ಖಾತೆಯ ಲೆವೆಲ್, ಸೇರಿದ ದಿನ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಸ್ಟೀಮ್ ಸಿಬ್ಬಂದಿ ಅಂತ ಹೇಳಿಕೊಂಡು ಚಾಟ್‌ನಲ್ಲಿ ಬರುವವರು ಸಿಬ್ಬಂದಿ ಅಲ್ಲ. ನಿಮ್ಮ ಮೇಲೆ ತಪ್ಪಾಗಿ ದೂರು ಕೊಟ್ಟುಬಿಟ್ಟೆ ಅಂತ ಕ್ಷಮೆ ಕೇಳುತ್ತಾ ಬರುವವರೂ ಅದೇ ಗುಂಪು. ಸ್ಟಿಕ್ಕರ್, ಸ್ಕಿನ್ ಪಣ ಇಟ್ಟು ಜೂಜಾಡುವ ತಾಣಗಳಿಗೆ ಕಾಲಿಡಬೇಡಿ. ದುಡ್ಡು ಪಣ ಇಡುವ ಆನ್‌ಲೈನ್ ಆಟಗಳನ್ನು ನಮ್ಮ ದೇಶದಲ್ಲಿ 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ.

ಎತ್ತಿಡುವುದು, ಕೊನೆಗೆ ಅಂಟಿಸುವುದು

ಇನ್ವೆಂಟರಿಯಲ್ಲಿ 1,000 ವಸ್ತು ಹಿಡಿಯುತ್ತವೆ. ಮೀರಿದರೆ ಸ್ಟೋರೇಜ್ ಯೂನಿಟ್ ಕೊಂಡು ಅದರೊಳಗೆ ಇನ್ನೂ 1,000 ಹಾಕಬಹುದು. ಒಂದೊಂದಕ್ಕೂ ಹೆಸರು ಇಡಿ, ನಾನು ಮೇಜರ್ ಹೆಸರು ಮತ್ತು ವರ್ಷ ಹಾಕುತ್ತೇನೆ. ಅದರೊಳಗೆ ಇರುವುದನ್ನು ಹೊರಗೆ ತೆಗೆಯದೆ ಟ್ರೇಡ್ ಮಾಡಲು ಆಗುವುದಿಲ್ಲ, ಹೀಗಾಗಿ ಮಾರುವ ಮನಸ್ಸಿಲ್ಲದ ಸ್ಟಿಕ್ಕರ್‌ಗಳಿಗೆ ಅದು ಒಳ್ಳೆಯ ಜಾಗ. ವಾಲ್ವ್ ಒಂದು ಅಪ್‌ಡೇಟ್‌ನಲ್ಲಿ ಮಾರ್ಕೆಟ್ ತಲೆಕೆಳಗು ಮಾಡಬಹುದು ಅನ್ನುವುದೂ ನೆನಪಿರಲಿ. 2025ರ ಅಕ್ಟೋಬರ್‌ನಲ್ಲಿ ಕೆಂಪು ದರ್ಜೆಯ (ತುಂಬಾ ಅಪರೂಪದ) ಸ್ಕಿನ್‌ಗಳನ್ನು ಕೊಟ್ಟು ಚಾಕು ಪಡೆಯಬಹುದು ಅಂತ ಮಾಡಿದ ರಾತ್ರಿಯೇ ಚಾಕುಗಳ ಬೆಲೆ ಕುಸಿಯಿತು.

ಅಂಟಿಸುವ ಹಬ್ಬಕ್ಕೆ ಬರೋಣ. 2024ರ ಫೆಬ್ರವರಿಯಿಂದ ಒಂದು ಗನ್ನಿಗೆ ಐದು ಸ್ಟಿಕ್ಕರ್, ಎಲ್ಲಿ ಬೇಕಾದರೂ, ಹೇಗೆ ಬೇಕಾದರೂ ತಿರುಗಿಸಿ ಹಾಕಬಹುದು. ಮೊದಲು ನಾಲ್ಕು ಗೊತ್ತಾದ ಜಾಗ ಮಾತ್ರ ಇತ್ತು. ಖಾತ್ರಿ ಬಟನ್ ಒತ್ತುವ ತನಕ ಏನೂ ಖರ್ಚಾಗುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ಎಳೆದಾಡಿ ನೋಡಿ. ನಾನು ಹಾಗೆ ಇಟ್ಟು ನೋಡಿ, ಸ್ಕ್ರೀನ್‌ಶಾಟ್ ತೆಗೆದು, ಮುಚ್ಚಿ, ಮರುದಿನ ಮತ್ತೆ ನೋಡುತ್ತೇನೆ. ಕಪ್ಪು ಸ್ಕಿನ್ ಮೇಲೆ ಕಡು ಬಣ್ಣದ ಸ್ಟಿಕ್ಕರ್ ಮುಳುಗಿಹೋಗುತ್ತದೆ, ಹೋಲೋ ಚೆನ್ನಾಗಿ ಏಳುತ್ತದೆ. ಇನ್‌ಸ್ಪೆಕ್ಟ್‌ನಲ್ಲಿ ಚಂದ ಕಂಡ ಜಾಗ ಆಡುವಾಗ ಕೈ ಮರೆಗೆ ಹೋಗಬಹುದು, ಹಾಗಾಗಿ ಮೊದಲು ಅದೇ ಜಾಗಕ್ಕೆ ಒಂದೆರಡು ರೂಪಾಯಿಯ ಪೇಪರ್ ಸ್ಟಿಕ್ಕರ್ ಹಾಕಿ ಒಂದು ಪಂದ್ಯ ಆಡಿ. ಸರಿ ಅನ್ನಿಸಿದರೆ ಅದನ್ನು ಕೆರೆದು ತೆಗೆದು, ಇಷ್ಟು ದಿನ ಕಾಪಾಡಿದ್ದನ್ನು ಅಲ್ಲಿ ಅಂಟಿಸಿ.